ಹತ್ತೊಂಬತ್ತು ಮೀನಿನ ಮುಚ್ಚಳ

ಆಗ ನನಗೆ ಐವತ್ತೆರಡು ವರ್ಷ. ಹದಿನೆಂಟು ವರ್ಷದ ಹಿಂದಿನ ಮಾತು, 2007ನೇ ಇಸವಿ. ವಿಶಾಖಪಟ್ಟಣದ ಒಂದು ಸಂಶೋಧನಾ ಲ್ಯಾಬಿನಲ್ಲಿ ಮೀನಿನ ಕೋಣೆ ನೋಡಿಕೊಳ್ಳುವ ಅಟೆಂಡರ್ ಆಗಿದ್ದೆ. ಹೆಸರು ಈರಮ್ಮ. ಹುಟ್ಟಿದ್ದು ಸಿರುಗುಪ್ಪದ ಕಡೆ. ಓದಿದ್ದು ಮೂರನೇ ಕ್ಲಾಸು. ಅಂಕಿ ಚೆನ್ನಾಗಿ ಬರುತ್ತದೆ, ಕನ್ನಡ ಅಕ್ಷರ ನಿಧಾನಕ್ಕೆ ಬರುತ್ತದೆ, ಇಂಗ್ಲಿಷ್ ಬರುವುದಿಲ್ಲ. ಇಷ್ಟು ಬರೆಯಲು ನನಗೆ ಎರಡು ತಿಂಗಳು ಹಿಡಿಯಿತು. ಕಾಗುಣಿತವನ್ನು ಸೊಸೆ ತಿದ್ದಿದ್ದಾಳೆ. ಮಾತನ್ನು ತಿದ್ದಲು ನಾನು ಬಿಟ್ಟಿಲ್ಲ.

ಮೊದಲೇ ಹೇಳಿಬಿಡುತ್ತೇನೆ. ಇದು ನಾನು ಮಾಡಿದ ತಪ್ಪಿನ ಕಥೆ. ಕೊನೆಯಲ್ಲಿ ಎಲ್ಲ ಸರಿಹೋಯಿತು ಎಂದು ಕಾಯುವವರು ಇಲ್ಲಿಗೇ ನಿಲ್ಲಿಸಬಹುದು.

ನನ್ನ ಗಂಡ ಅದೇ ಊರಿನ ಗಾಜುವಾಕದಲ್ಲಿ ಮೋಟಾರ್ ವೈಂಡಿಂಗ್ ಮಾಡುತ್ತಿದ್ದ. ಅವನು ತೀರಿಕೊಂಡ ಮೇಲೆ ಲ್ಯಾಬಿಗೆ ಕಸ ಗುಡಿಸಲು ಸೇರಿದೆ. ಮೀನಿನ ಕೋಣೆಯಲ್ಲಿ ಇದ್ದವನು ಅಲ್ಲಿಯ ಸೆಖೆ, ವಾಸನೆ ತಾಳದೆ ಬಿಟ್ಟುಹೋದ. ನನ್ನನ್ನು ಹಾಕಿದರು. ಆರು ವರ್ಷದಲ್ಲಿ ಆ ಕೋಣೆ ನನ್ನ ಕೈಗೆ ಬಂದುಬಿಟ್ಟಿತ್ತು.

ಮೀನೆಂದರೆ ತಿನ್ನುವ ಮೀನಲ್ಲ. ಜೀಬ್ರಾಫಿಶ್ ಅಂತ. ಕಿರುಬೆರಳಿಗಿಂತ ಗಿಡ್ಡ, ಮೈಮೇಲೆ ಉದ್ದಕ್ಕೆ ನೀಲಿ ಪಟ್ಟೆ. ಕಬ್ಬಿಣದ ರ‍್ಯಾಕಿನ ಮೇಲೆ ಸಾಲಾಗಿ ನೂರಾ ಎಂಬತ್ತು ಪ್ಲಾಸ್ಟಿಕ್ ಟ್ಯಾಂಕು. ನೀರು ಇಪ್ಪತ್ತೆಂಟು ಡಿಗ್ರಿ ಇರಬೇಕು. ಹದಿನಾಲ್ಕು ಗಂಟೆ ಬೆಳಕು, ಹತ್ತು ಗಂಟೆ ಕತ್ತಲು. ಬೆಳಗ್ಗೆ ಲೈಟು ಹತ್ತಿದ ಕೂಡಲೇ ಅವು ಮೊಟ್ಟೆ ಇಡುತ್ತವೆ, ಅದಕ್ಕೇ ನಾನು ಎಲ್ಲರಿಗಿಂತ ಮೊದಲು ಬರಬೇಕು. ಉಪ್ಪು ನೀರಿನಲ್ಲಿ ಆರ್ಟೀಮಿಯಾ ಎಂಬ ಸಣ್ಣ ಹುಳು ಮರಿ ಮಾಡಿಸಿ ದಿನಕ್ಕೆ ಎರಡು ಸಲ ಹಾಕುವುದು. ಟ್ಯಾಂಕು ತೊಳೆಯುವುದು. ಸತ್ತ ಮೀನು ತೆಗೆದು ರಿಜಿಸ್ಟರಿನಲ್ಲಿ ಒಂದೊಂದಕ್ಕೆ ಒಂದೊಂದು ಗೆರೆ ಎಳೆಯುವುದು. ಲ್ಯಾಬಿನ ಮುಖ್ಯಸ್ಥರು, ನಾವೆಲ್ಲ ಸರ್ ಎನ್ನುವವರು, ಬೇಡವೆಂದ ಮೀನನ್ನು ಬಕೆಟ್ಟಿಗೆ ಹಾಕಿ ಐಸ್ ನೀರು ಸುರಿಯುವುದು. ಒಂದು ಕ್ಷಣ ಕಿವಿರು ಆಡಿಸುತ್ತವೆ, ಅಷ್ಟೆ. ಈ ಕೆಲಸ ಬೇರೆ ಯಾರೂ ಮಾಡಲು ಒಪ್ಪುತ್ತಿರಲಿಲ್ಲ. ನಾನು ಮಾಡುತ್ತಿದ್ದೆ. ರಾತ್ರಿ ನಿದ್ದೆಯೂ ಬರುತ್ತಿತ್ತು.

ಯಾವ ಟ್ಯಾಂಕಿನಲ್ಲಿ ಯಾವ ಮೀನು ಎಂಬುದನ್ನು ಚೀಟಿಯ ಮೇಲೆ ಬರೆದು ಅಂಟಿಸುತ್ತಾರೆ. ಮೊದಲು ಚೀಟಿ ಟ್ಯಾಂಕಿನ ಮೈಗೇ ಇರುತ್ತಿತ್ತು. ತೊಳೆಯುವಾಗ ಕಿತ್ತುಬರುತ್ತಿತ್ತು. ಮುಚ್ಚಳಕ್ಕೆ ಅಂಟಿಸಿರಿ, ಅದು ಅಷ್ಟು ನೆನೆಯುವುದಿಲ್ಲ ಎಂದು ಹೇಳಿದವಳು ನಾನೇ. ಸರ್ ಮೀಟಿಂಗಿನಲ್ಲಿ ನನ್ನ ಹೆಸರು ಹೇಳಿ ಹೊಗಳಿದರು. ಆ ಹೊಗಳಿಕೆ ನನ್ನ ತಲೆಗೆ ಏರಿತ್ತು.

ಶಿವಲೀಲಾ ಗದಗಿನ ಹುಡುಗಿ. ಇಪ್ಪತ್ತೇಳು ವರ್ಷ. ಅಲ್ಲಿ ಪಿಎಚ್.ಡಿ.ಗೆಂದು ಬಂದು ನಾಲ್ಕನೇ ವರ್ಷ ನಡೆಯುತ್ತಿತ್ತು. ಬಂದ ಹೊಸತರಲ್ಲಿ ನನ್ನ ಹತ್ತಿರ ಮುರುಕು ತೆಲುಗು ಆಡುತ್ತಿದ್ದಳು. ಒಂದು ದಿನ ನಾನು ಕಾಳು ಹಾಕುತ್ತಾ, "ತಿನ್ರಲೇ ಮೂಳಗೋಳಾ, ಇದೇನು ಬೀಗರ ಮನಿಯೇನು, ಉಪಚಾರ ಮಾಡಾಕ" ಎಂದು ಬೈಯುತ್ತಿದ್ದೆ. ಹಿಂದೆ ನಿಂತು ಕೇಳಿಸಿಕೊಂಡಳು.

"ಯವ್ವಾ, ಮೀನಿಗೂ ಬೈತೀರೇನು?"

"ಮೀನಿಗೆ ಬೈದ್ರ ತಿರುಗಿ ಮಾತಾಡಂಗಿಲ್ಲ ನೋಡು ತಂಗಿ. ಅದಕ್ಕs ಅವುಕ್ಕs ಬೈಯೋದು."

ಅವತ್ತಿನಿಂದ ಅವಳಿಗೆ ನಾನು ಯವ್ವ, ನನಗೆ ಅವಳು ತಂಗಿ.

ಅವಳು ಏನು ಹುಡುಕುತ್ತಿದ್ದಾಳೆ ಎಂಬುದನ್ನು ನನಗೆ ತಿಳಿಯುವ ಹಾಗೆ ಹೇಳಿದವಳು ಆ ಲ್ಯಾಬಿನಲ್ಲಿ ಅವಳೊಬ್ಬಳೇ. "ನಿಮ್ಮನಿಯವರು ಮೋಟಾರಿಗೆ ಬರೇ ತಾಮ್ರದ ತಂತಿ ಸುತ್ತಿದ್ರ ಏನಾಗ್ತಿತ್ತು?" ಎಂದು ಕೇಳಿದಳು.

"ಸುಟ್ಟು ಹೋಗ್ತಿತ್ತು. ಮ್ಯಾಲೆ ವಾರ್ನಿಷ್ ಬೇಕು, ಸ್ಲೀವ್ ಬೇಕು."

"ನಮ್ಮ ನರಕ್ಕೂ ಹಂಗs ಒಂದು ಸ್ಲೀವ್ ಐತಿ. ಮೈಲಿನ್ ಅಂತಾರ. ಅದಿದ್ರ ಸುದ್ದಿ ಸರಕ್ಕನ ಹೋಗತೈತಿ. ಇಲ್ಲಂದ್ರ ತಡಾ ಆಗತೈತಿ, ನಡುವs ನಿಂತು ಬಿಡತೈತಿ. ಆ ಸ್ಲೀವ್ ಅಂಗಡ್ಯಾಗ ಸಿಗಂಗಿಲ್ಲ. ಅದನ್ನ ಸುತ್ತಾಕಂತs ಬ್ಯಾರೆ ಜೀವಕೋಶ ಹುಟ್ಟತಾವು."

ಅವು ಎಲ್ಲಿ ಹುಟ್ಟುತ್ತವೆ, ಹೇಗೆ ನಡೆದು ಬರುತ್ತವೆ ಎಂಬುದನ್ನು ಮೈಕ್ರೋಸ್ಕೋಪಿನಲ್ಲಿ ತೋರಿಸಿದಳು. ಈ ಮೀನಿನ ಮರಿ ಗಾಜಿನ ಹಾಗೆ, ಒಳಗಿನದೆಲ್ಲ ಕಾಣುತ್ತದೆ. ಅವಳ ಮೀನುಗಳಲ್ಲಿ ಆ ಕೋಶಗಳು ಹಸಿರಾಗಿ ಹೊಳೆಯುವಂತೆ ಮೊದಲೇ ಮಾಡಿಟ್ಟಿದ್ದರು. ಮೊಟ್ಟೆ ಇಟ್ಟು ಎರಡು ದಿನ ಆಗುವ ಹೊತ್ತಿಗೆ ಬೆನ್ನುಹುರಿಯ ತಳದಲ್ಲಿ ಹಸಿರು ಚುಕ್ಕೆಗಳು ಕಾಣುತ್ತವೆ. ಅಲ್ಲಿಂದ ಒಂದೊಂದಾಗಿ ಮೇಲಕ್ಕೆ, ಪಕ್ಕಕ್ಕೆ ತೆವಳುತ್ತವೆ. ತೆವಳುತ್ತಾ ಕೈ ಚಾಚುತ್ತವೆ, ಎಳೆದುಕೊಳ್ಳುತ್ತವೆ, ಮತ್ತೆ ಚಾಚುತ್ತವೆ. ಪಕ್ಕದ ಕೋಶದ ಕೈ ತಗುಲಿದರೆ ಅಲ್ಲಿಂದ ಹಿಂದೆ ಸರಿದು ಬೇರೆ ಜಾಗ ಹುಡುಕುತ್ತವೆ. ಮೂರನೇ ದಿನಕ್ಕೆ ನರ ಸಿಕ್ಕಿದ ಕಡೆ ಸುತ್ತಲು ಶುರು. ಒಂದೇ ಕೋಶ ಹತ್ತಾರು ಕೈಯಿಂದ ಹತ್ತಾರು ನರಕ್ಕೆ ಸುತ್ತುತ್ತದೆ.

"ಗಾಜುವಾಕದ ಬಸ್ಸಿನ್ಯಾಗ ಕಿಟಕಿಯಿಂದ ಟವೆಲ್ ಒಗದು ಸೀಟು ಹಿಡಿತಾರಲ್ಲ, ಹಂಗೈತಿ" ಎಂದೆ.

ಅವಳು ನಕ್ಕೂ ನಕ್ಕೂ ಕಣ್ಣು ಒರೆಸಿಕೊಂಡಳು. "ಇದನ್ನ ಥೀಸಿಸ್‌ನ್ಯಾಗ ಬರೀತೀನಿ ಯವ್ವಾ."

ಅವಳ ಮೀನಿನ ವಂಶದಲ್ಲಿ ಒಂದು ಕೊರತೆ ಇತ್ತು. ಕೋಶಗಳು ಹುಟ್ಟುತ್ತವೆ, ನಡೆದು ನರದ ಪಕ್ಕಕ್ಕೇ ಬರುತ್ತವೆ, ಆದರೆ ಸುತ್ತುವುದಿಲ್ಲ. ಸೀಟಿನ ಹತ್ತಿರ ಬಂದು ಕೂರದೆ ನಿಂತವರ ಹಾಗೆ. ಅಂಥ ಮರಿ ಐದನೇ ದಿನ ಕಡ್ಡಿಯಿಂದ ಮುಟ್ಟಿದರೆ ತಡವಾಗಿ ನಡುಗುತ್ತದೆ, ಓಡುವುದಿಲ್ಲ, ಎರಡು ವಾರದೊಳಗೆ ಸಾಯುತ್ತದೆ. ಯಾಕೆ ಸುತ್ತುವುದಿಲ್ಲ ಎಂಬುದೇ ಅವಳ ಪ್ರಶ್ನೆ. ಮನುಷ್ಯರಲ್ಲೂ ಈ ಸ್ಲೀವ್ ಕೆಡುವ ರೋಗಗಳಿವೆಯಂತೆ.

ಇಂಥ ಮಂದ ಮರಿ ಬೆಳೆದು ದೊಡ್ಡದಾಗುವುದಿಲ್ಲವಾದ್ದರಿಂದ ವಂಶವನ್ನು ಅವುಗಳ ತಂದೆತಾಯಿಗಳಿಂದಲೇ ಇಟ್ಟುಕೊಳ್ಳಬೇಕು. ಕೊರತೆಯನ್ನು ಒಳಗೆ ಹೊತ್ತ ಮೀನು ನೋಡಲು, ಈಜಲು ಬೇರೆ ಮೀನಿನಂತೆಯೇ ಇರುತ್ತದೆ. ಹೊತ್ತಿರುವ ಗಂಡು, ಹೊತ್ತಿರುವ ಹೆಣ್ಣು ಕೂಡಿದರೆ ಮರಿಗಳಲ್ಲಿ ನಾಲ್ಕಕ್ಕೆ ಒಂದು ಮಂದ. ಹೊತ್ತ ಮೀನು ಯಾವುದು, ಹೊರದ ಮೀನು ಯಾವುದು ಎಂದು ತಿಳಿಯಲು ಒಂದೇ ದಾರಿ. ಬಾಲದ ತುದಿಯ ಚೂರು ಕತ್ತರಿಸಿ ಟೆಸ್ಟ್ ಮಾಡಬೇಕು. ಬಾಲ ಎರಡು ಮೂರು ವಾರದಲ್ಲಿ ಮತ್ತೆ ಬೆಳೆದುಬಿಡುತ್ತದೆ.

ಹೊರದೇಶದ ಲ್ಯಾಬಿನಿಂದ ಆ ವಂಶ ತರಿಸಲು ಪರವಾನಗಿ, ಕಾಗದ ಅಂತ ಹದಿನಾಲ್ಕು ತಿಂಗಳು ಹಿಡಿದಿತ್ತು. ಬಂದ ಹಿರಿಯ ಮೀನುಗಳು ಆ ವರ್ಷದ ಬೇಸಿಗೆಯಲ್ಲಿ, ಎರಡು ದಿನ ಕರೆಂಟು ಹೋಗಿ ಜನರೇಟರ್ ಕೈಕೊಟ್ಟಾಗ ಸತ್ತವು. ಅವುಗಳ ಮರಿಗಳು ಮಾತ್ರ ಉಳಿದಿದ್ದವು. ಅದರಲ್ಲಿ ಹತ್ತನ್ನು ವಿಜಯವಾಡದ ಒಂದು ಕಾಲೇಜಿನ ಮೇಷ್ಟ್ರು ಪಾಠಕ್ಕೆಂದು ಟೆಸ್ಟ್ ಆಗುವ ಮೊದಲೇ ಒಯ್ದಿದ್ದರು. ಮಿಕ್ಕ ನಲವತ್ತನ್ನು ಶಿವಲೀಲಾ ದಸರೆಗೆ ಮೊದಲು ಟೆಸ್ಟ್ ಮಾಡಿದಳು. ಹೊತ್ತವು ಹತ್ತೊಂಬತ್ತು, ಹೊರದವು ಇಪ್ಪತ್ತೊಂದು. ಎರಡು ಟ್ಯಾಂಕಿಗೆ ಹಾಕಿ ಪಕ್ಕ ಪಕ್ಕ ಇಟ್ಟಳು. ಎರಡು ಮುಚ್ಚಳದ ಮೇಲೂ ಉದ್ದಕ್ಕೆ ಇಂಗ್ಲಿಷ್, ಕೊನೆಯಲ್ಲಿ ಅಂಕಿ: ಒಂದರ ಮೇಲೆ 19, ಇನ್ನೊಂದರ ಮೇಲೆ 21. ಆ ಅಂಕಿ ನನಗೆ ಓದಲು ಬರುತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಿ.

"ನಾ ಊರಿಗೆ ಹೋಗಿ ಬರ್ತೀನಿ ಯವ್ವಾ. ಹಬ್ಬ ಆದಮ್ಯಾಲೆ ಇಪ್ಪತ್ತೊಂದರದು ತೆಗದುಬಿಡ್ರಿ, ಜಾಗ ಇಲ್ಲ. ಹತ್ತೊಂಬತ್ತರದು ನನ್ನ ಜೀವ ಐತಿ ಅಂತ ತಿಳಕೊಳ್ರಿ" ಎಂದು ಹೇಳಿ ಹೋದಳು.

ಆಯುಧಪೂಜೆಗೆ ನಮ್ಮ ಲ್ಯಾಬಿನಲ್ಲೂ ಎಲ್ಲ ತೊಳೆದು, ಮೈಕ್ರೋಸ್ಕೋಪಿಗೂ ಮೋಟಾರಿಗೂ ಕುಂಕುಮ ಇಡುವ ಪದ್ಧತಿ. ಮೀನಿನ ಕೋಣೆಯಲ್ಲಿ ನಾನು ವರ್ಷಾವರ್ಷ ರ‍್ಯಾಕು ಒರೆಸಿ, ಮುಚ್ಚಳಗಳನ್ನೆಲ್ಲ ತೆಗೆದು, ತೊಳೆದು, ಟ್ಯಾಂಕಿನ ಸಾಲಿನಲ್ಲೇ ಟೆರೇಸಿನ ಮೇಲೆ ಒಣಗಿಸುತ್ತಿದ್ದೆ. ಅದು ನನ್ನ ಪೂಜೆ. ಆ ವರ್ಷ ಮುಚ್ಚಳ ಹರವಿ ಕೆಳಗೆ ಬಂದು ಇನ್ನೂ ರ‍್ಯಾಕು ಒರೆಸುತ್ತಿದ್ದೆ, ಸಮುದ್ರದ ಕಡೆಯಿಂದ ಗಾಳಿ ಬಂತು, ಹಿಂದೆಯೇ ತುಂತುರು ಹನಿ. ಓಡಿ ಹೋಗಿ ಎರಡೂ ಕೈಯಲ್ಲಿ ಬಾಚಿಕೊಂಡು ತಂದೆ. ಸಾಲು ತಪ್ಪಿತು.

ಕೆಳಗೆ ಪೂಜೆಗೆ ಕರೆಯುತ್ತಿದ್ದರು. ಹೆಚ್ಚಿನ ಮುಚ್ಚಳಗಳನ್ನು ಚೀಟಿಯ ಬಣ್ಣ ನೋಡಿ, ಕಲೆ ನೋಡಿ ಹಾಕಿದೆ. ಈ ಎರಡರ ಚೀಟಿ ಒಂದೇ ಬಣ್ಣ, ಎರಡೂ ಹೊಸವು. ಎಡಗಡೆಯದು ಇದು, ಬಲಗಡೆಯದು ಅದು ಎಂದು ಅಂದಾಜಿನ ಮೇಲೆ ಇಟ್ಟೆ. ಮೀನನ್ನು ಎಣಿಸಬಹುದಿತ್ತು. ಹತ್ತೊಂಬತ್ತೋ ಇಪ್ಪತ್ತೊಂದೋ ಎಂದು ಎಣಿಸಲು ಐದು ನಿಮಿಷ ಸಾಕು. ಎಣಿಸಲಿಲ್ಲ. ಈ ಕೋಣೆ ನನಗೆ ಕಣ್ಣು ಮುಚ್ಚಿಕೊಂಡರೂ ಗೊತ್ತು ಎಂಬ ಧಿಮಾಕು.

ಮರುದಿನ ಬೆಳಗ್ಗೆ ಹತ್ತೊಂಬತ್ತರ ಮುಚ್ಚಳವಿದ್ದ ಟ್ಯಾಂಕಿನ ಕೆಳಗೆ ಎರಡು ಮೀನು ನೆಲದ ಮೇಲೆ ಒಣಗಿ ಬಿದ್ದಿದ್ದವು. ಅವಸರದಲ್ಲಿ ನಾನು ಮುಚ್ಚಳ ಸರಿಯಾಗಿ ಒತ್ತಿರಲಿಲ್ಲ, ಸಂದಿಯಿಂದ ಹಾರಿದ್ದವು. ರಿಜಿಸ್ಟರಿನಲ್ಲಿ ಎರಡು ಗೆರೆ ಎಳೆಯಬೇಕಿತ್ತು. ಎಳೆಯಲಿಲ್ಲ. ಹುಡುಗಿಯ ಜೀವದಂಥ ಮೀನು, ನನ್ನ ಕೈಯಿಂದ ಹೋದವು ಎಂದು ಹೇಳಲು ಹೆದರಿ ಕಸದ ಬುಟ್ಟಿಗೆ ಹಾಕಿದೆ.

ಹಬ್ಬ ಮುಗಿಯಿತು. ಇಪ್ಪತ್ತೊಂದರ ಮುಚ್ಚಳ ತೆಗೆದು, ಆ ಟ್ಯಾಂಕಿನ ಮೀನನ್ನೆಲ್ಲ ಬಕೆಟ್ಟಿಗೆ ಸುರಿದು ಐಸ್ ಹಾಕಿದೆ. ಆಗಲೂ ಎಣಿಸಲಿಲ್ಲ. ಸಾಯುವವನ್ನು ಯಾರು ಎಣಿಸುತ್ತಾರೆ.

ಶಿವಲೀಲಾ ಊರಿನಿಂದ ಬಂದವಳೇ ಚೀಲವನ್ನೂ ಇಳಿಸದೆ ಟ್ಯಾಂಕಿನ ಮುಂದೆ ಕೂತು ಎಣಿಸಿದಳು. ಹದಿನೇಳು ಬರುತ್ತದೆ, ಸಿಕ್ಕಿಬೀಳುತ್ತೇನೆ ಎಂದು ನಾನು ಬಾಗಿಲ ಹತ್ತಿರ ನಿಂತಿದ್ದೆ. "ಹತ್ತೊಂಬತ್ತು. ಎಲ್ಲಾ ಅದಾವು" ಎಂದಳು. ಬಚಾವಾದೆ ಎಂದುಕೊಂಡೆ. ಹದಿನೇಳು ಇರಬೇಕಾದಲ್ಲಿ ಹತ್ತೊಂಬತ್ತು ಹೇಗೆ ಬಂತು ಎಂದು ಆ ಕ್ಷಣದಲ್ಲಿ ನನ್ನ ತಲೆಗೆ ಹೊಳೆಯಲೇ ಇಲ್ಲ. ತಪ್ಪಿಸಿಕೊಂಡ ಖುಷಿಯಲ್ಲಿದ್ದವಳಿಗೆ ಲೆಕ್ಕ ಎಲ್ಲಿಂದ ಬರಬೇಕು.

ಅವಳು ಜೋಡಿ ಹಾಕತೊಡಗಿದಳು. ಸಂಜೆ ಗಂಡು ಹೆಣ್ಣಿನ ನಡುವೆ ತಡಿಕೆ ಇಡುವುದು, ಬೆಳಗ್ಗೆ ಲೈಟು ಹತ್ತಿದಾಗ ತೆಗೆಯುವುದು. ಮೊಟ್ಟೆ ಧಾರಾಳ ಬಂದವು. ಐದನೇ ದಿನ ಕಡ್ಡಿಯಿಂದ ಮುಟ್ಟಿದರೆ ಎಲ್ಲವೂ ಚಂಗನೆ ಓಡಿದವು. ಒಂದೂ ಮಂದ ಇಲ್ಲ. ಎರಡನೇ ಜೋಡಿ, ಇಲ್ಲ. ನಾಲ್ಕನೇ ಜೋಡಿ, ಇಲ್ಲ. ಆರೋಗ್ಯವಾದ ಮರಿಗಳನ್ನು ನೋಡಿ ಹೆಣ್ಣುಮಗಳೊಬ್ಬಳು ಕಣ್ಣೀರು ಹಾಕುವುದನ್ನು ನಾನು ಅಲ್ಲೇ ಕಂಡದ್ದು. ನವೆಂಬರ್ ಕೊನೆಯಲ್ಲಿ ಹತ್ತೊಂಬತ್ತರ ಬಾಲವನ್ನೂ ಮತ್ತೆ ಕತ್ತರಿಸಿ ಟೆಸ್ಟ್ ಮಾಡಿದಳು. ಹತ್ತೊಂಬತ್ತೂ ಸಾದಾ ಮೀನು.

ಸರ್ ಕೂಗಾಡುವವರಲ್ಲ. ಮೀನಿನ ಕೋಣೆಯಲ್ಲೇ ನಿಂತು ಇಂಗ್ಲಿಷಿನಲ್ಲಿ ಮೆಲ್ಲಗೆ ಮಾತಾಡಿದರು. ಅವರು ಹೋದ ಮೇಲೆ ಏನಂದರು ಎಂದು ಕೇಳಿದೆ.

"ಮೊದಲನೇ ಟೆಸ್ಟ್ ನಾನs ತಪ್ಪು ಮಾಡೀನಂತ. ಅದು ತಪ್ಪಾದ್ರ ಹಿಂದಿನ ಮೂರು ವರ್ಷದ್ದನ್ನ ಹೆಂಗ ನಂಬೋದು ಅಂದ್ರು." ಟ್ಯಾಂಕಿನ ಕಡೆ ತಿರುಗಿದಳು. "ಖರೇ ಐತಿ ಯವ್ವಾ. ಎಣಿಕಿ ಸರಿ ಐತಿ, ಮೀನ ಅವs ಅದಾವು, ಮತ್ತ ತಪ್ಪು ನನ್ನ ಕೈಯಾಗಿಂದs ಅಲ್ಲೇನು? ಸಾದಾ ಮೀನ ಅಂತ ತಿಳದು ಖರೇವನ್ನ ಕೊಲ್ಲಿಸೀನಿ."

ಎಣಿಕೆ ಸರಿ ಇದೆ ಎಂದಳಲ್ಲ, ಆಗ ನನಗೆ ಹೊಳೆಯಿತು. ಇಪ್ಪತ್ತೊಂದರಲ್ಲಿ ಎರಡು ಹಾರಿ ಸತ್ತರೆ ಹತ್ತೊಂಬತ್ತು. ಮುಚ್ಚಳ ಅದಲುಬದಲಾಗಿದ್ದವು. ಕೈಯಲ್ಲಿದ್ದ ಬಲೆಯನ್ನು ಕೆಳಗಿಟ್ಟೆ. ಬಾಯಿ ತೆರೆಯಲಿಲ್ಲ.

ಅವಳ ಶಿಷ್ಯವೇತನ ಉಳಿದದ್ದು ಎಂಟು ತಿಂಗಳು. ಹೊರದೇಶದಿಂದ ಮತ್ತೆ ತರಿಸಲು ಅದು ಸಾಲದು. ಉಳಿದ ಒಂದೇ ದಾರಿ ವಿಜಯವಾಡದ ಹತ್ತು ಮೀನು. ಅದರಲ್ಲಿ ನಾಲ್ಕೈದಾದರೂ ಹೊತ್ತವು ಇರಲೇಬೇಕು. ಫೋನು ಮಾಡಿದರೆ ಮೇಷ್ಟ್ರು, "ಇರಬೇಕು ಮೇಡಮ್, ಬನ್ನಿ ನೋಡೋಣ" ಎಂದರಂತೆ. ಸರ್ ಒಂದು ಷರತ್ತು ಹಾಕಿದರು. ತನ್ನ ಹಳೆಯ ಟೆಸ್ಟುಗಳು ನಂಬಿಕೆಗೆ ಯೋಗ್ಯವಲ್ಲ, ಕೆಲಸ ಬಿಡುತ್ತೇನೆ ಎಂದು ಅವಳು ಕಾಗದ ಬರೆದು ಸಹಿ ಮಾಡಿ ಅವರ ಮೇಜಿನ ಮೇಲೆ ಇಡಬೇಕು. ಮೀನು ತಂದರೆ ಹರಿದುಹಾಕುತ್ತೇನೆ, ಇಲ್ಲವಾದರೆ ಮೇಲಕ್ಕೆ ಕಳಿಸುತ್ತೇನೆ ಎಂದರು. ಅವಳು ಬರೆದು ಇಟ್ಟಳು.

ಅಲ್ಲಿ ಮೀನು ಸಿಕ್ಕಿಬಿಟ್ಟರೆ ನಾನು ಹೇಳುವ ಅಗತ್ಯವೇ ಇರುವುದಿಲ್ಲ ಎಂದು ನನ್ನ ಲೆಕ್ಕ. ಹನ್ನೊಂದು ದಿನ ಹಾಗೇ ಕಳೆದೆ. ಪ್ಲಾಸ್ಟಿಕ್ ಚೀಲದಲ್ಲಿ ಆಕ್ಸಿಜನ್ ತುಂಬಿ ಮೀನು ಕಟ್ಟಲು ನನಗೆ ಬರುತ್ತದೆ, ವಿಜಯವಾಡದ ಆಟೋನಗರದಲ್ಲಿ ನನ್ನ ಮೈದುನನ ಮನೆಯೂ ಇದೆ, ನಾನೂ ಬರುತ್ತೇನೆ ಎಂದೆ. ಡಿಸೆಂಬರಿನಲ್ಲಿ ಒಂದು ಬೆಳಗ್ಗೆ ಇಬ್ಬರೂ ರೈಲು ಹತ್ತಿದೆವು. ದಾರಿಯುದ್ದಕ್ಕೂ ಅವಳು ಖಾಲಿ ಥರ್ಮೋಕೋಲ್ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಕೆಳಗಿಡು ಎಂದರೆ ಇಡಲಿಲ್ಲ.

ಕಾಲೇಜಿನಲ್ಲಿ ಮೇಷ್ಟ್ರು ಎದುರಿಗೆ ಬಂದು ನಗಲು ನೋಡಿದರು, ಆಗಲಿಲ್ಲ. ಆರು ಮೀನು ಬೇಸಿಗೆಯಲ್ಲೇ ಸತ್ತಿದ್ದವಂತೆ. ನಾಲ್ಕು ಇದ್ದವು, ಅಟೆಂಡರನ್ನು ಕೇಳಬೇಕು ಎಂದು ಕರೆಸಿದರು. ಅಪ್ಪಾರಾವ್ ಎಂದು, ನನ್ನ ವಯಸ್ಸಿನವನೇ, ಹಣೆಯ ತುಂಬ ಕುಂಕುಮ. ದಸರೆಗೆ ಕಾಲೇಜಿಗೆ ಹತ್ತು ದಿನ ರಜೆ ಇತ್ತು, ಕಾಳು ಹಾಕುವವರಿರಲಿಲ್ಲ. ಮೀನನ್ನು ಏನು ಮಾಡಿದೆ ಎಂದು ಕೇಳಿದರೆ ಹೆಮ್ಮೆಯಿಂದ ಹೇಳಿದ:

"ಚಂಪಲೇದಮ್ಮಾ. ಕೃಷ್ಣಮ್ಮಲೋ ವದಿಲೇಶಾನು. ಪುಣ್ಯಂ ಕದಾ."

ಕೊಲ್ಲಲಿಲ್ಲ, ಕೃಷ್ಣೆಯಲ್ಲಿ ಬಿಟ್ಟೆ, ಪುಣ್ಯವಲ್ಲವೇ ಎಂದ. ಅದೇ ಹಬ್ಬದಲ್ಲಿ ಅವನು ಮೀನನ್ನು ಹೊಳೆಗೆ ಬಿಟ್ಟಿದ್ದ, ನಾನು ಐಸಿಗೆ ಹಾಕಿದ್ದೆ.

ಶಿವಲೀಲಾ ಜಾಗ ತೋರಿಸು ಎಂದಳು. ಯಾಕೆ ಎಂದು ಯಾರೂ ಕೇಳಲಿಲ್ಲ. ಅಪ್ಪಾರಾವ್ ನಮ್ಮನ್ನು ಆಟೋದಲ್ಲಿ ಕೂರಿಸಿಕೊಂಡು ಇಂದ್ರಕೀಲಾದ್ರಿಯ ಕೆಳಗಿನ ಘಾಟಿಗೆ ಕರೆದೊಯ್ದ. ದೇವಿಗೆ ಭವಾನಿ ದೀಕ್ಷೆ ತೊಟ್ಟ ಕೆಂಪು ಬಟ್ಟೆಯವರು ಗುಂಪು ಗುಂಪಾಗಿ ಮುಳುಗಿ ಗುಡಿಗೆ ಬೆಟ್ಟ ಹತ್ತುತ್ತಿದ್ದರು. ನೀರಿಗೆ ಇಳಿಯುವ ಒಂದು ಮೆಟ್ಟಿಲು ತೋರಿಸಿ, "ಇಕ್ಕಡೇ ಅಮ್ಮಾ, ಈ ಮೆಟ್ಟು" ಎಂದು ಹೇಳಿ, ಕೈ ಮುಗಿದು ಹೊರಟುಹೋದ. ಪಾಪ, ಅವನು ಇನ್ನೂ ನಾವು ಮೆಚ್ಚಿಕೊಂಡಿದ್ದೇವೆ ಎಂದೇ ತಿಳಿದಿದ್ದ.

ಅವಳು ಆ ಮೆಟ್ಟಿಲ ಮೇಲೆ ಕುಕ್ಕರುಗಾಲಲ್ಲಿ ಕೂತು ನೀರು ನೋಡಿದಳು. ಯಾರೋ ಚೆಲ್ಲಿದ ಮಂಡಕ್ಕಿಗೆ ಸಣ್ಣ ಮೀನುಗಳು ಮುತ್ತಿದ್ದವು. "ಇವು ಬ್ಯಾರೆ ಜಾತಿ" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ನಮ್ಮವು ಒಂದು ತಾಸೂ ಉಳದಿರಾಕಿಲ್ಲ. ದೊಡ್ಡ ಮೀನ ಬಿಡತಾವೇನು" ಎಂದಳು. ಅಳಲಿಲ್ಲ.

ಇನ್ನು ಅಡಗಿಕೊಳ್ಳಲು ನನಗೆ ಜಾಗ ಉಳಿದಿರಲಿಲ್ಲ. ನಿಂತುಕೊಂಡೇ ಹೇಳಿದೆ. ಮಳೆ ಹನಿ ಬಂದದ್ದು, ಮುಚ್ಚಳ ಬಾಚಿದ್ದು, ಎಣಿಸದೆ ಇಟ್ಟದ್ದು, ಎರಡು ಮೀನು ಹಾರಿದ್ದು, ಗೆರೆ ಎಳೆಯದೆ ಬುಟ್ಟಿಗೆ ಹಾಕಿದ್ದು.

ಅವಳು ತಿರುಗಿ ನನ್ನ ಮುಖ ನೋಡಲಿಲ್ಲ. "ಆ ಎರಡು ಮೀನ ಯಾವತ್ತು ಸತ್ವು?"

"ಪೂಜಿ ಮರುದಿನ."

"ಹತ್ತೊಂಬತ್ತರ ಮುಚ್ಚಳದ ಕೆಳಗ?"

"ಹೌದು."

"ಅಂದ್ರ ನನ್ನ ಟೆಸ್ಟ್ ಸರಿ ಇತ್ತು."

"ಸರಿ ಇತ್ತು ತಂಗಿ."

ಚೀಲದಿಂದ ನೋಟ್‌ಬುಕ್ ತೆಗೆದು, ಹೊಳೆಯ ಮೆಟ್ಟಿಲ ಮೇಲೆ ಕೂತೇ ಅದನ್ನು ಬರೆದುಕೊಂಡಳು. ಬರೆದು ಮುಚ್ಚಿ ಕೇಳಿದಳು, "ನಿಮಗ ಯಾವಾಗ ಗೊತ್ತಾತು?"

"ಹನ್ನೊಂದು ದಿನಾತು."

"ಹನ್ನೊಂದು ದಿನ ನಾನು ನನ್ನ ಕೈ ನೋಡಕೋತ ಕುಂತೀನಿ ಯವ್ವಾ. ಪಿಪೆಟ್ ಹಿಡಿಯಾಕ ಅಂಜಿಕಿ ಬರತಿತ್ತು. ನೀವು ದಿನಾ ಚಾ ತಂದು ಕೊಡತಿದ್ರಿ, ಉಣ್ಣು ಅಂತಿದ್ರಿ." ಎದ್ದಳು. "ಮುಚ್ಚಳ ತಪ್ಪಿದ್ದು ತಪ್ಪಲಿ. ಯಾರ ಕೈಯಾಗೂ ಆಗತೈತಿ. ಕಾಗದಕ್ಕ ಸಹಿ ಮಾಡೂ ಮುಂದ ನೀವು ಅಲ್ಲೇ ನೆಲಾ ಒರಸಾಕತ್ತಿದ್ರಿ."

"ಬೈದುಬಿಡು ನನ್ನ."

"ಬೈಯಾಕ ಶಕ್ತಿ ಇಲ್ಲ. ನಡ್ರಿ."

ರಾತ್ರಿ ಮೈದುನನ ಮನೆಯಲ್ಲಿ ಉಳಿದೆವು. ಅವನದು ಲಾರಿಗಳ ವೈರಿಂಗ್ ಕೆಲಸ. ಬೆಳಗ್ಗೆ ನಾವು ಹೊರಡುವ ಹೊತ್ತಿಗೆ ಶೆಡ್ಡಿನ ಮುಂದೆ ಕೂತು ವೈರಿನ ಕಟ್ಟಿಗೆ ಕರಿ ಟೇಪು ಸುತ್ತುತ್ತಿದ್ದ, ಒಂದರ ಮೇಲೊಂದು ಸ್ವಲ್ಪ ಏರುವಂತೆ, ಎಲ್ಲೂ ಸಂದು ಬಿಡದಂತೆ. ಶಿವಲೀಲಾ ಚೀಲ ಹೆಗಲಿಗೇರಿಸಿಕೊಂಡು ನಿಂತು ನೋಡಿದಳು. ಆಟೋದವನು ಎರಡು ಸಲ ಹಾರ್ನ್ ಹೊಡೆದ.

"ಏನ್ ನೋಡ್ತಿ ತಂಗಿ, ಕಲೀತಿಯೇನು? ನಮ್ಮತ್ರ ಕೆಲಸ ಐತಿ" ಎಂದು ಮೈದುನ ತಮಾಷೆ ಮಾಡಿದ.

"ಎಷ್ಟ ಛಲೋ ಸುತ್ತತೀರಿ ಅಣ್ಣಾರ" ಎಂದಳು. ಅವತ್ತು ವಿಶಾಖಪಟ್ಟಣದವರೆಗೆ ಅವಳು ಆಡಿದ್ದು ಅದೊಂದೇ ಮಾತು. ಖಾಲಿ ಡಬ್ಬಿಯನ್ನು ರೈಲಿನಲ್ಲೇ ಬಿಟ್ಟು ಇಳಿದಳು.

ಸ್ಟೇಷನ್ನಿನಿಂದ ನಾನು ನೇರ ಸರ್ ಕೋಣೆಗೆ ಹೋದೆ. ಅವಳೂ ಹಿಂದೆ ಬಂದು ಬಾಗಿಲಲ್ಲಿ ನಿಂತಳು. ಎಲ್ಲವನ್ನೂ ಮತ್ತೊಮ್ಮೆ ತೆಲುಗಿನಲ್ಲಿ ಹೇಳಿದೆ. ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇಪ್ಪುಡಾ ಅಮ್ಮಾ ಚೆಪ್ಪೇದಿ?" ಎಂದರು. ಈಗ ಹೇಳುವುದಾ ಎಂದರ್ಥ. ಕಾಗದವನ್ನು ಅವರು ಅವತ್ತೇ ಮಧ್ಯಾಹ್ನ ಕಳಿಸಿಬಿಟ್ಟಿದ್ದರು. ಮೇಷ್ಟ್ರು ಹಿಂದಿನ ಸಂಜೆಯೇ ಫೋನು ಮಾಡಿ ಮೀನಿಲ್ಲವೆಂದು ತಿಳಿಸಿದ್ದರಂತೆ. ಹಿಂದಕ್ಕೆ ತರಿಸಬಹುದಲ್ಲ ಎಂದೆ.

"ತರಿಸಿ ಏನು ಮಾಡಲಿ? ಟೆಸ್ಟ್ ಸರಿ ಎಂದು ತೋರಿಸಲು ಒಂದು ಮೀನು ಇದೆಯಾ? ಓದು ಬಾರದವರ ಮಾತು, ಗೆರೆ ಇಲ್ಲದ ರಿಜಿಸ್ಟರು. ಯಾರು ಒಪ್ಪುತ್ತಾರೆ?"

ಅವರು ಹೇಳಿದ್ದು ಕ್ರೂರ, ಆದರೆ ಸುಳ್ಳಲ್ಲ. ಆ ಎರಡು ಗೆರೆ ಎಳೆದಿದ್ದರೆ ಅವಳ ಹೆಸರಾದರೂ ಉಳಿಯುತ್ತಿತ್ತು. ನಾನು ಸಾವಿರಾರು ಗೆರೆ ಎಳೆದಿದ್ದೇನೆ. ಬೇಕಾದ ಎರಡನ್ನು ಎಳೆಯಲಿಲ್ಲ.

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಐಸ್ ಸುರಿಯುವವರು ಬೇರೆ ಯಾರೂ ಇರಲಿಲ್ಲ. ಇನ್ನೂ ಎಂಟು ವರ್ಷ ಅಲ್ಲೇ ದುಡಿದು ನಿವೃತ್ತಳಾದೆ. ಶಿವಲೀಲಾ ಆ ರಾತ್ರಿಯೇ ಹಾಸ್ಟೆಲ್ ಖಾಲಿ ಮಾಡಿದಳು. ಹೋಗುವಾಗ, "ನಿಮ್ಮ ಮಂಡಿನೋವಿನ ಮುಲಾಮು ನನ್ನ ಡ್ರಾಯರಿನಾಗ ಐತಿ, ತಗೋರಿ" ಎಂದಳು. ಅದು ಅವಳು ನನಗೆ ಹೇಳಿದ ಕೊನೆಯ ಮಾತು. ಆಮೇಲೆ ಅವಳು ಎಲ್ಲಿದ್ದಾಳೆ, ಏನು ಮಾಡುತ್ತಿದ್ದಾಳೆ ನನಗೆ ಗೊತ್ತಿಲ್ಲ. ಕೇಳಲು ಮುಖವಿಲ್ಲ. ಆ ಕೋಶಗಳು ನರದ ಹತ್ತಿರ ಬಂದು ಯಾಕೆ ಸುತ್ತದೆ ನಿಲ್ಲುತ್ತವೆ ಎಂಬುದು ನಮ್ಮ ಲ್ಯಾಬಿನಲ್ಲಂತೂ ಯಾರಿಗೂ ತಿಳಿಯಲಿಲ್ಲ.

ಕೆಲಸ ನನಗೆ ಕಲಿಸಿದ್ದು ಇಷ್ಟು. ನನಗೆ ಖಾತ್ರಿಯಿಲ್ಲ ಎಂಬ ಮಾತನ್ನು ಆ ಹೊತ್ತಿನಲ್ಲೇ ಹೇಳಬೇಕು. ತಡವಾಗಿ ಹೇಳಿದ ನಿಜದಿಂದ ಹೇಳಿದವರ ಎದೆ ಹಗುರಾಗುತ್ತದೆಯೇ ಹೊರತು ಕೇಳಿದವರಿಗೆ ಏನೂ ದಕ್ಕುವುದಿಲ್ಲ. ನನ್ನದು ಹಗುರವೂ ಆಗಲಿಲ್ಲ.

ಅವಳು ಹೋದ ಮರುದಿನ ಬೆಳಗ್ಗೆ ಲೈಟು ಹತ್ತುವ ಮೊದಲೇ ಲ್ಯಾಬಿಗೆ ಹೋದೆ. ಹತ್ತೊಂಬತ್ತರ ಆ ಟ್ಯಾಂಕ್ ಖಾಲಿ ಮಾಡಲು ಸರ್ ಹೇಳಿದ್ದರು. ವಾಚ್‌ಮನ್‌ನನ್ನು ಕರೆದು ಮುಚ್ಚಳದ ಮೇಲಿನ ಚೀಟಿಯನ್ನು ಒಂದೊಂದು ಅಕ್ಷರ ಬಿಡದೆ ಓದಿಸಿಕೊಂಡೆ. ಅವನು ಓದುತ್ತಿದ್ದಾಗ ಲೈಟು ಹತ್ತಿತು, ಮೀನುಗಳು ಕಾಳಿಗೆಂದು ಮೇಲಕ್ಕೆ ಬಂದವು. ಬಲೆಯಲ್ಲಿ ಒಂದೊಂದನ್ನೇ ಎತ್ತಿ ಬಾಯಿಬಿಟ್ಟು ಎಣಿಸಿ ಬಕೆಟ್ಟಿಗೆ ಹಾಕಿದೆ. ಹತ್ತೊಂಬತ್ತು. ರಿಜಿಸ್ಟರ್ ತೆರೆದು ಹತ್ತೊಂಬತ್ತು ಗೆರೆ ಎಳೆದೆ, ಪಕ್ಕಕ್ಕೆ ಜಾಗ ಬಿಟ್ಟು ಇನ್ನೆರಡು ಎಳೆದೆ. ಆಮೇಲೆ ಐಸ್ ಸುರಿದೆ.